ಏಪ್ರಿಲ್ ಒಣಗಿದರೆ ಮುಂದಿನ ಮಾರ್ಚ್ ಬರಿದು

ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಜರ್ಮನಿಯ ಗಡಿಗೆ ಸಮೀಪದ ಆಲ್ಸೇಸ್ ಸೀಮೆಯಲ್ಲಿ ಕೋಲ್ಮಾರ್ ಎಂಬ ಊರಿದೆ. ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ. ಪಶ್ಚಿಮದಿಂದ ಬರುವ ಮೋಡಗಳನ್ನು ವೋಜ್ ಬೆಟ್ಟಸಾಲು ತಡೆದುಬಿಡುವುದರಿಂದ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ವಿಜಯಪುರ ಜಿಲ್ಲೆಯ ವಾಡಿಕೆ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಆದರೂ ಕೋಲ್ಮಾರ್ ಸುತ್ತಲಿನ ಬಹುಪಾಲು ಬಳ್ಳಿಗಳು ಮಳೆಯನ್ನೇ ನಂಬಿ ಬದುಕುತ್ತವೆ. ವಿಜಯಪುರ ಜಿಲ್ಲೆಯ ಭೀಮಾ ತೀರದ ಹಲಸಂಗಿ ಸೀಮೆಯಲ್ಲಿ ಮಾತ್ರ ಬೇಸಿಗೆಯ ಒಂದೇ ವಾರ ಡ್ರಿಪ್ ಪೈಪು ಒಣಗಿದರೆ ದ್ರಾಕ್ಷಿ ಪಡದ ಎಲೆ ಬಾಡಿ ಜೋತುಬೀಳುತ್ತದೆ.

ಮಳೆ ಒಂದೇ, ಬೆಳೆ ಒಂದೇ. ವ್ಯತ್ಯಾಸ ಇರುವುದು ಎರಡು ಕಡೆ. ಮೊದಲನೆಯದು ಆವಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು ಮತ್ತು ಒಣಗಾಳಿ ತೆರೆದ ಪಾತ್ರೆಯಿಂದ ದಿನಕ್ಕೆ 10 ಮಿಲಿಮೀಟರಿಗೂ ಹೆಚ್ಚು ನೀರನ್ನು ಹೀರುತ್ತವೆ. ಆಲ್ಸೇಸಿನಲ್ಲಿ ನಡುಬೇಸಿಗೆಯ ದಿನವೂ ಇದರ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. ಎರಡನೆಯದು ಮಳೆಯ ಹಂಚಿಕೆ. ಅಲ್ಲಿ ಹನ್ನೆರಡೂ ತಿಂಗಳು ಅಷ್ಟಿಷ್ಟು ಮಳೆ ಬೀಳುತ್ತದೆ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿದಾಗ ಬಿದ್ದ ಮಳೆಯೆಲ್ಲ ನೆಲಕ್ಕೆ ಜಮೆಯಾಗಿ, ಬೇಸಿಗೆಗೆ ಬೇರಿನ ಕೈಗೆ ಸಿಗುತ್ತದೆ. ಇಲ್ಲಿ ಜೂನಿನಿಂದ ಅಕ್ಟೋಬರ್ ಒಳಗೆ ಬಂದದ್ದೇ ಬಂಡವಾಳ. ಅದರಲ್ಲೂ ಸೆಪ್ಟೆಂಬರಿನ ಮಳೆಯ ಪಾಲೇ ದೊಡ್ಡದು. ಉತ್ತರಿ, ಹಸ್ತದ ಮಳೆ ಕೈಕೊಟ್ಟ ವರ್ಷ ಹಿಂಗಾರಿ ಜೋಳವೂ ಇಲ್ಲ, ಬಾವಿಗೆ ಒರತೆಯೂ ಇಲ್ಲ.

ಹಾಗಾಗಿ ವರ್ಷಕ್ಕೆ ಎಷ್ಟು ಮಳೆ ಬಂತು ಎಂಬ ಲೆಕ್ಕ ದ್ರಾಕ್ಷಿ ಬೆಳೆಗಾರನಿಗೆ ಹೆಚ್ಚೇನೂ ಹೇಳುವುದಿಲ್ಲ. ಬಳ್ಳಿಯ ಯಾವ ತಿಂಗಳಲ್ಲಿ ನೀರು ತಪ್ಪಿತು ಎಂಬುದರ ಮೇಲೆ ಅವನ ವರ್ಷ ನಿಂತಿರುತ್ತದೆ.

ಕನ್ನಡ ಓದುಗರಿಗೆ ಹಲಸಂಗಿ ಎಂದೊಡನೆ ನೆನಪಾಗುವುದು ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಮತ್ತು ಅವರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಜನಪದ ಹಾಡುಗಳು. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಊರು ಈಗ ಚಡಚಣ ತಾಲ್ಲೂಕಿಗೆ ಸೇರಿದೆ. ಉತ್ತರಕ್ಕೆ ಭೀಮೆ, ಆಚೆ ದಡದಲ್ಲಿ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ನದಿ ಹತ್ತಿರವಿದ್ದರೂ ಅದರ ನೀರಿನ ಬೀಗದ ಕೈ ಮೇಲಿನ ಉಜನಿ ಅಣೆಕಟ್ಟೆಯಲ್ಲಿದೆ. ಬರದ ಬೇಸಿಗೆ ಬಂತೆಂದರೆ ಉಜನಿಯಿಂದ ನೀರು ಬಿಡಿಸಿ ಎಂಬ ಕೂಗು ಈ ದಡದಲ್ಲಿ ಏಳುತ್ತದೆ. ದಕ್ಷಿಣದ ಕೃಷ್ಣೆಯ ನೀರು ಬರಬೇಕಾದದ್ದು ನಾರಾಯಣಪುರ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆಯಲ್ಲಿ. ಆ ಕಾಲುವೆಗೆ ಇಂಡಿ ಕೊನೆಯ ಭಾಗ. ಕೊನೆಯ ಭಾಗದ ರೈತನಿಗೆ ನೀರು ತಲುಪುವುದೂ ಕೊನೆಗೇ. ಹಾಗಾಗಿ ಇಲ್ಲಿಯ ಎರೆ ಮತ್ತು ಮಡ್ಡಿ ನೆಲದ ದ್ರಾಕ್ಷಿ, ದಾಳಿಂಬೆ, ಲಿಂಬೆ ತೋಟಗಳು ಬಹುಮಟ್ಟಿಗೆ ಬೋರ್‌ವೆಲ್ ನಂಬಿಕೊಂಡಿವೆ.

ಈ ಸೀಮೆಗೆ ಬರ ಹೊಸದಲ್ಲ. ಬರದಲ್ಲಿ ಬೆಳೆ ತೆಗೆಯುವುದು ಹೇಗೆಂದು ಕಲಿಯಲು 1930ರ ದಶಕದಲ್ಲಿ ದೇಶದಲ್ಲಿ ಐದು ಒಣಬೇಸಾಯ ಸಂಶೋಧನಾ ಕೇಂದ್ರಗಳು ಶುರುವಾದವು. ಸೊಲ್ಲಾಪುರ, ವಿಜಯಪುರ, ರಾಯಚೂರು, ಬಳ್ಳಾರಿ ಸೀಮೆಯ ಹಗರಿ ಮತ್ತು ಉತ್ತರದ ರೋಹ್ಟಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ಆದರೆ ಆ ಕಾಲದ ಪ್ರಯೋಗಗಳೆಲ್ಲ ಜೋಳ, ಸಜ್ಜೆ, ಕಡಲೆ, ಹತ್ತಿಯಂಥ ಬೆಳೆಗಳಿಗಾಗಿ ನಡೆದವು. ಮಳೆ ಬಂದರೆ ಬಿತ್ತಬಹುದು, ಬಾರದಿದ್ದರೆ ಹೊಲ ಬೀಳುಬಿಡಬಹುದು. ಹತ್ತು ಹನ್ನೆರಡು ವರ್ಷ ಫಲ ಕೊಡಬೇಕಾದ ದ್ರಾಕ್ಷಿ ಬಳ್ಳಿಯನ್ನು ಹಾಗೆ ಬೀಳುಬಿಡಲಾಗದು. ಕಲ್ಲುಕಂಬ, ಆ್ಯಂಗಲ್, ತಂತಿ, ಡ್ರಿಪ್ ಎಂದು ಲಕ್ಷಗಟ್ಟಲೆ ಸುರಿದ ಮೇಲೆ ಒಂದು ಬರದ ವರ್ಷದಲ್ಲಿ ಬಳ್ಳಿ ಸತ್ತರೆ, ಹೊಸ ಪಡ ಕಟ್ಟಿ ಫಲ ಕಾಣಲು ಮತ್ತೆ ಎರಡು ವರ್ಷ ಬೇಕು.

ತಂಪು ದೇಶಗಳ ಬೆಳೆಗಾರನಿಗೆ ಒಣ ವರ್ಷದ ಅನುಭವ ಇದಕ್ಕಿಂತ ತೀರ ಬೇರೆ. ಅಲ್ಲಿ ಹಳೆಯ ಭಯವೆಂದರೆ ಮಳೆ ಮತ್ತು ಚಳಿ. ಬೇಸಿಗೆಯಲ್ಲಿ ಮೋಡ ಕವಿದರೆ ಹಣ್ಣಿಗೆ ಸಿಹಿ ಏರುವುದಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಗೊಂಚಲು ಕೊಳೆಯುತ್ತದೆ. ಒಣ ಬೇಸಿಗೆ ಬಂದರೆ ಎಲೆಗೆ ಬೂಷ್ಟು ತಗಲುವುದು ಕಡಿಮೆ, ಔಷಧಿ ಸಿಂಪಡಣೆ ಕಡಿಮೆ. ಕಾಳು ಚಿಕ್ಕದಾಗುವುದರಿಂದ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ. ಕೆಂಪು ವೈನಿಗೆ ಇದು ವರವೇ. 2022ರಲ್ಲಿ ಇಂಗ್ಲೆಂಡ್ 1935ರ ನಂತರದ ಅತ್ಯಂತ ಒಣ ಜುಲೈ ಕಂಡಿತು. ಹುಲ್ಲುಗಾವಲು ಕಂದಿ ಹೋದರೂ ಕೆಂಟ್, ಸಸೆಕ್ಸ್ ಸೀಮೆಯ ಸುಣ್ಣಕಲ್ಲಿನ ನೆಲದಲ್ಲಿ ಆಳಕ್ಕೆ ಬೇರಿಳಿಸಿದ್ದ ದ್ರಾಕ್ಷಿ ಚೆನ್ನಾಗಿಯೇ ಮಾಗಿತು.

ಆ ವರಕ್ಕೂ ಮಿತಿ ಇದೆ. ನೆಲ ಒಣಗಿದಾಗ ಬೇರು ನೀರಿನ ಜೊತೆಗೆ ಸಾರಜನಕವನ್ನೂ ಎತ್ತಿಕೊಳ್ಳಲಾರದು. ರಸದಲ್ಲಿ ಸಾರಜನಕ ಕಡಿಮೆಯಾದರೆ ಹುದುಗು ಬರಿಸುವ ಯೀಸ್ಟ್ ಅರ್ಧಕ್ಕೇ ಸೋಲುತ್ತದೆ. ಒಣ ವರ್ಷಗಳ ಕೆಲವು ಬಿಳಿ ವೈನುಗಳು ಬಾಟಲಿ ಸೇರಿದ ಕೆಲವೇ ತಿಂಗಳಿಗೆ ನುಸಿಗುಳಿಗೆಯ, ಒದ್ದೆ ಬಟ್ಟೆಯ ವಾಸನೆ ಬೀರತೊಡಗುವುದನ್ನು ಜರ್ಮನಿಯ ತಜ್ಞರು 1980ರ ದಶಕದ ಕೊನೆಯಲ್ಲಿ ಗುರುತಿಸಿದರು. ಬಾಯಾರಿ ಹಸಿದ ಬಳ್ಳಿಯ ಗುರುತು ಅದು. ಬೇರು ಇನ್ನೂ ಮೇಲ್ಮಣ್ಣಿನಲ್ಲೇ ಇರುವ ಎಳೆಯ ಬಳ್ಳಿಗಳಿಗೆ ಹೊಡೆತ ಇನ್ನೂ ಜೋರು.

ತಂಪು ಸೀಮೆ ಎಂಬ ಮಾತೇ ಈಗ ಸಡಿಲವಾಗುತ್ತಿದೆ. ಬರ್ಗಂಡಿಯ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲು ಯಾವ ದಿನ ಶುರುವಾಯಿತು ಎಂಬುದರ ದಾಖಲೆ 1354ರಿಂದ ಸಿಗುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 1987ರವರೆಗೆ ಅಲ್ಲಿ ಸರಾಸರಿ ಸೆಪ್ಟೆಂಬರ್ 28ರಿಂದ ಕೊಯ್ಲು. 1988ರಿಂದ ಈಚೆಗೆ ಅದು ಸರಾಸರಿ 13 ದಿನ ಮೊದಲೇ ಶುರುವಾಗುತ್ತಿದೆ. ಹೆಸರಾಂತ ದ್ರಾಕ್ಷಿ ಸೀಮೆಗಳಲ್ಲಿ ನೀರು ಹಾಯಿಸುವುದನ್ನೇ ಬಹುಕಾಲ ನಿಷೇಧಿಸಿದ್ದ ಫ್ರಾನ್ಸ್ 2006ರಲ್ಲಿ ಆ ನಿಯಮವನ್ನು ಸಡಿಲಿಸಿತು.

ಇಷ್ಟಾದರೂ ಅಲ್ಲಿಯ ಬಳ್ಳಿಗೆ ಒಂದು ಆಸರೆ ಇದೆ. ಅದು ಚಳಿಗಾಲದಲ್ಲಿ ನಿದ್ದೆ ಹೋಗುತ್ತದೆ. ಹಲಸಂಗಿಯ ಬಳ್ಳಿಗೆ ನಿದ್ದೆಯಿಲ್ಲ. ಎಲೆ ಉದುರಿಸುವಷ್ಟು ಚಳಿ ಇಲ್ಲಿ ಬೀಳುವುದೇ ಇಲ್ಲ. ತನ್ನಷ್ಟಕ್ಕೆ ಬಿಟ್ಟರೆ ಅದು ಬೆಳೆಯುತ್ತಲೇ ಹೋಗುತ್ತದೆ, ಫಲ ಎಲ್ಲೋ ಒಂದೆರಡು. ಅದಕ್ಕೇ ದಖನ್ ಪ್ರಸ್ಥಭೂಮಿಯ ರೈತರು ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಮಾಡಿ ಒಂದು ಬೆಳೆ ತೆಗೆಯುತ್ತಾರೆ. ಮಾರ್ಚ್-ಏಪ್ರಿಲಿನಲ್ಲಿ ಹಣ್ಣು ಇಳಿಸಿದ ಮೇಲೆ ಬಳ್ಳಿಯನ್ನು ಬುಡದ ತೋಳುಗಳವರೆಗೆ ಸವರಿ ಹೊಸ ಕಡ್ಡಿ ಬರಿಸುವುದು ಏಪ್ರಿಲ್ ಚಾಟ್ನಿ. ಆ ಕಡ್ಡಿ ಬಲಿತ ಮೇಲೆ, ಮಳೆ ಹಿಂದೆ ಸರಿಯುವ ಹೊತ್ತಿಗೆ ಚಿಗುರೊಡೆಯುವ ಕೆಲವು ಕಣ್ಣುಗಳನ್ನಷ್ಟೇ ಉಳಿಸಿ ಕತ್ತರಿಸುವುದು ಅಕ್ಟೋಬರ್ ಚಾಟ್ನಿ. ಕಣ್ಣಿಗೆ ಚಿಗುರು ಎಬ್ಬಿಸುವ ಪೇಸ್ಟ್ ಹಚ್ಚಿದರೆ ಒಂದೇ ಸಮನೆ ಚಿಗುರು, ಚಿಗುರಿನ ಜೊತೆಗೇ ಗೊಂಚಲು, ಸುಮಾರು ನಾಲ್ಕು ತಿಂಗಳಿಗೆ ಹಣ್ಣು.

ನೋಡುವವರಿಗೆ ಫಲದ ಕಾಲ ಅಕ್ಟೋಬರಿನಿಂದ ಶುರು. ಆದರೆ ಎಷ್ಟು ಗೊಂಚಲು ಎಂಬುದು ಅದಕ್ಕೂ ತಿಂಗಳುಗಳ ಮೊದಲೇ, ಏಪ್ರಿಲ್ ಚಾಟ್ನಿಯ ಬಳಿಕ ಹೊಸ ಕಡ್ಡಿಯ ಒಂದೊಂದು ಕಣ್ಣಿನೊಳಗೂ ನಿಶ್ಚಯವಾಗಿರುತ್ತದೆ. ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಸಿವೆಗಿಂತಲೂ ಚಿಕ್ಕದಾದ ಒಂದು ಗುಬ್ಬು ಕಾಣುತ್ತದೆ. ಅದು ಮುಂದೆ ಗೊಂಚಲಾಗಬಹುದು, ಇಲ್ಲವೇ ತಂತಿಯನ್ನು ಸುತ್ತಿ ಹಿಡಿಯುವ ಬರಿಯ ಸುರುಳಿ ತಂತುವಾಗಬಹುದು. ಎರಡರ ಮೂಲವೂ ಒಂದೇ. ಬಿಸಿಲು ಚೆನ್ನಾಗಿದ್ದು, ಎಲೆ ಆರೋಗ್ಯವಾಗಿದ್ದು, ಕಡ್ಡಿಯಲ್ಲಿ ಆಹಾರ ಕೂಡಿಕೊಂಡಿದ್ದರೆ ಗುಬ್ಬು ಕವಲೊಡೆದು ಗೊಂಚಲಿನ ಹಾದಿ ಹಿಡಿಯುತ್ತದೆ. ಎಲೆ ಸೊರಗಿದ್ದರೆ ತಂತುವಾಗಿಯೇ ಉಳಿಯುತ್ತದೆ. ಅಕ್ಟೋಬರಿನಲ್ಲಿ ಎಷ್ಟೇ ನೀರು, ಗೊಬ್ಬರ, ಔಷಧಿ ಕೊಟ್ಟರೂ ತಂತು ಗೊಂಚಲಾಗುವುದಿಲ್ಲ. ಅಕ್ಟೋಬರ್ ಚಾಟ್ನಿಗೆ ಮುನ್ನ ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಒಯ್ದು ಯಾವ ಕಣ್ಣಿನಲ್ಲಿ ಗೊಂಚಲಿದೆ ಎಂದು ನೋಡಿಸಿಕೊಂಡು, ಅಲ್ಲಿಗೇ ಕತ್ತರಿ ಹಾಕುವ ರೂಢಿ ಬೆಳೆದದ್ದು ಇದರಿಂದಲೇ.

ಬರದ ವರ್ಷ ಹೊಡೆಯುವುದು ಸರಿಯಾಗಿ ಈ ಜಾಗಕ್ಕೆ. ಹಿಂದಿನ ಸೆಪ್ಟೆಂಬರಿನಲ್ಲಿ ಮಳೆ ತಪ್ಪಿದರೆ ಬೋರ್‌ವೆಲ್‌ಗಳು ಫೆಬ್ರುವರಿ, ಮಾರ್ಚಿಗೇ ಏದುಸಿರು ಬಿಡುತ್ತವೆ. ಏಪ್ರಿಲಿನಲ್ಲಿ ಚಾಟ್ನಿಯಾದ ಬಳ್ಳಿ ಹೊಸ ಚಿಗುರಿಗೆ ನೀರು ಕೇಳುವಾಗ ಬಾವಿಯ ತಳ ಕಾಣುತ್ತಿರುತ್ತದೆ. ಪುಣೆ ಹತ್ತಿರದ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಶಿಫಾರಸಿನಂತೆ, ಏಪ್ರಿಲ್ ಚಾಟ್ನಿಯ ನಂತರದ ಮೊದಲ 40 ದಿನ ಹೆಕ್ಟೇರಿಗೆ ದಿನಕ್ಕೆ 33,600ರಿಂದ 50,400 ಲೀಟರ್ ನೀರು ಬೇಕು. ಎಕರೆ ಲೆಕ್ಕದಲ್ಲಿ ಸುಮಾರು 13,600ರಿಂದ 20,400 ಲೀಟರ್. ಟ್ಯಾಂಕರಿಗೆ 10,000 ಲೀಟರ್ ಎಂದು ಹಿಡಿದರೂ ಒಂದೆಕರೆಗೆ ದಿನಕ್ಕೆ ಒಂದೂವರೆಯಿಂದ ಎರಡು ಟ್ಯಾಂಕರ್, ಅದೂ 40 ದಿನ. ಇಂಡಿ, ಚಡಚಣ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಬರದ ಬೇಸಿಗೆಗಳಲ್ಲಿ ಟ್ಯಾಂಕರುಗಳು ಹಗಲಿರುಳು ತೋಟಕ್ಕೆ ನೀರು ಹೊತ್ತದ್ದು ಇದಕ್ಕಾಗಿ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ 2023ರಂಥ ವರ್ಷದಲ್ಲಿ ಟ್ಯಾಂಕರಿಗೆ ತುಂಬಿಸುವ ನೀರೂ ದೂರ ಹೋಗಿರುತ್ತದೆ.

ಅದೇ ಶಿಫಾರಸಿನ ಮುಂದಿನ ಸಾಲು ಬರದ ಕಾಲಕ್ಕೆ ಆಸೆ ಹುಟ್ಟಿಸುವಂಥದ್ದು. 41ನೇ ದಿನದಿಂದ, ಕಣ್ಣಿನೊಳಗೆ ಗೊಂಚಲು ರೂಪುಗೊಳ್ಳುವ ಕಾಲಕ್ಕೆ, ನೀರನ್ನು ಮೂರನೇ ಒಂದು ಪಾಲಿಗೆ ಇಳಿಸಬೇಕು. ಆಗ ಸ್ವಲ್ಪ ಬಾಯಾರಿಕೆಯಾದರೆ ಚಿಗುರಿನ ಓಟ ನಿಂತು ಆಹಾರ ಕಣ್ಣಿನ ಕಡೆಗೆ ತಿರುಗುತ್ತದೆ. ಅಂದರೆ ಬಳ್ಳಿಗೆ ಒಣಗಾಲ ಬೇಕೇ ಬೇಕು, ಆದರೆ ಎಲೆ ತುಂಬಿಕೊಂಡ ಮೇಲೆ. ಮೊದಲ 40 ದಿನ ನೀರಿಲ್ಲದೆ ಚಿಗುರೇ ಕುಂಟಿದ ತೋಟಕ್ಕೆ ಆಮೇಲಿನ ಒಣಗಾಲದಿಂದ ಲಾಭವಿಲ್ಲ.

ನೀರಿಲ್ಲವೆಂದು ಚಾಟ್ನಿಯನ್ನು ಮುಂದೂಡಿ ಮುಂಗಾರಿಗೆ ಕಾಯುವವರೂ ಉಂಟು. ಅದರಲ್ಲಿ ಬೇರೆ ಅಪಾಯವಿದೆ. ಮೇ ಕೊನೆಗೆ ಚಾಟ್ನಿಯಾದರೆ ಕಣ್ಣಿನಲ್ಲಿ ಗೊಂಚಲು ರೂಪುಗೊಳ್ಳಬೇಕಾದ ಹೊತ್ತು ಜುಲೈಗೆ ಬಂದು ನಿಲ್ಲುತ್ತದೆ. ಆಗ ಮಳೆ ಬಾರದಿದ್ದರೂ ಮೋಡ ಕವಿದಿರುತ್ತದೆ. ಬಿಸಿಲು ಕಡಿಮೆಯಾದರೆ ಗುಬ್ಬು ಮತ್ತೆ ತಂತುವಿನ ಕಡೆಗೇ ವಾಲುತ್ತದೆ. ನೀರು ಉಳಿಸಲು ಹೋಗಿ ಬೆಳಕನ್ನು ಕಳೆದುಕೊಂಡಂತೆ.

ಏಪ್ರಿಲಿನಲ್ಲಿ ಶಾಪವಾದ ಒಣ ಹವೆಯೇ ನವೆಂಬರಿನಿಂದ ಮಾರ್ಚಿನವರೆಗೆ ಈ ಜಿಲ್ಲೆಯ ಬಲ. ಬಳ್ಳಿ ಹೂವಿನಲ್ಲಿರುವಾಗ ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ ಸಾಕು, ಡೌನಿ ರೋಗ ಎಲೆಯಿಂದ ಗೊಂಚಲಿಗೆ ಇಳಿದು ಹೂವನ್ನು ಕಮರಿಸುತ್ತದೆ. 2021ರ ನವೆಂಬರಿನ ಅಕಾಲಿಕ ಮಳೆ ಅದನ್ನು ತೋರಿಸಿಕೊಟ್ಟಿತು. ಹಾಗಾಗಿ ಬೆಳೆಗಾರ ಬಯಸುವುದು ಒಂದು ಅಪರೂಪದ ಜೋಡಿಯನ್ನು. ನೆಲದೊಳಗೆ ತುಂಬ ನೀರಿರಬೇಕು, ಆಕಾಶದಲ್ಲಿ ಮೋಡ ಇರಬಾರದು.

ಈ ಒಣ ಹವೆಯ ಮೇಲೆಯೇ ಮಣೂಕದ, ಅಂದರೆ ಒಣದ್ರಾಕ್ಷಿಯ, ವ್ಯಾಪಾರ ನಿಂತಿದೆ. ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರ. ಇಲ್ಲಿಯ ಹಣ್ಣಿನ ದೊಡ್ಡ ಪಾಲು ಹಣ್ಣಾಗಿ ಮಾರಾಟವಾಗದೆ ಶೆಡ್ ಸೇರುತ್ತದೆ. ಥಾಮ್ಸನ್ ಸೀಡ್‌ಲೆಸ್, ಅದರಿಂದಲೇ ಬಂದ ತಾಸ್-ಎ-ಗಣೇಶ, ನದಿಯಾಚೆ ಸೊಲ್ಲಾಪುರದ ನಾನಜ್ ಗ್ರಾಮದಲ್ಲಿ ರೈತ ನಾನಾಸಾಹೇಬ ಕಾಳೆ ಗುರುತಿಸಿ ಬೆಳೆಸಿದ ಸೋನಾಕಾದಂಥ ತಳಿಗಳ ಗೊಂಚಲುಗಳು ಕ್ರೇಟಿನಲ್ಲಿ ಬಂದಿಳಿಯುತ್ತವೆ. ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್ ಎಂಬ ಅಳತೆಯಲ್ಲಿ ಕಲಸಿದ ದ್ರಾವಣದಲ್ಲಿ ಕ್ರೇಟನ್ನು ಎರಡು ನಾಲ್ಕು ನಿಮಿಷ ಅದ್ದಿ ಎತ್ತುತ್ತಾರೆ. ಕಾಳಿನ ಮೇಲೆ ಬೂದಿ ಹಚ್ಚಿದಂತೆ ಕಾಣುವ ಮೇಣದ ಪದರ ಹಣ್ಣಿನ ನೀರು ಹೊರಹೋಗದಂತೆ ತಡೆಯುತ್ತದೆ. ದ್ರಾವಣ ಆ ಪದರವನ್ನು ಸಡಿಲಿಸಿ ನೀರಿಗೆ ದಾರಿ ಮಾಡಿಕೊಡುತ್ತದೆ. ಆಮೇಲೆ ನೆರಳಿನ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡಿದರೆ ಗಾಳಿಯೇ ಒಣಗಿಸುತ್ತದೆ. ಹನ್ನೆರಡರಿಂದ ಹದಿನೈದು ದಿನಕ್ಕೆ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಆ ದಿನಗಳಲ್ಲಿ ಮಳೆ ಹನಿದರೆ ಬಣ್ಣ ಕಪ್ಪಾಗಿ ದರ ಬಿತ್ತೆಂದೇ ಲೆಕ್ಕ. ಆಲ್ಸೇಸಿನಲ್ಲಿ ಕೊಯ್ಲಿನ ಹೊತ್ತಿಗೆ ಇಂಥ ಗಾಳಿಯಿಲ್ಲ.

ಆದರೆ ನೀರಿಲ್ಲದೆ ಮಾಗಿದ ಹಣ್ಣಿನಿಂದ ಒಳ್ಳೆಯ ಮಣೂಕ ಬರುವುದಿಲ್ಲ. ಕಾಳು ಕಟ್ಟಿದ ಹೊಸದರಲ್ಲಿ ನೀರು ಸಾಲದಿದ್ದರೆ ಅದು ಕೊನೆಯವರೆಗೂ ಚಿಕ್ಕದಾಗಿಯೇ ಉಳಿಯುತ್ತದೆ. ವೈನ್ ಮಾಡುವವನಿಗೆ ಚಿಕ್ಕ ಕಾಳು ಗುಣವಾದರೆ ಮಣೂಕದ ಪೇಟೆಯಲ್ಲಿ ದಪ್ಪ, ಹಸಿರುಹಳದಿ, ತೆಳು ಸಿಪ್ಪೆಯ ಕಾಳಿಗೇ ಬೆಲೆ. ತಂಪು ದೇಶದ ಬರದ ವರ್ಷವನ್ನು ಹೊಗಳುವ ಮಾತುಗಳನ್ನು ಇಲ್ಲಿಗೆ ತಂದು ಹಚ್ಚುವಂತಿಲ್ಲ.

ಬರದ ಜೊತೆಗೆ ಬರುವ ಇನ್ನೊಂದು ಕೇಡು ಉಪ್ಪು. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ನೀರು ಸವಳಾಗುವುದು ಈ ಭಾಗದ ಸಾಮಾನ್ಯ ಅನುಭವ. ಮಳೆ ಬಂದ ವರ್ಷ ಆ ಉಪ್ಪು ಬೇರಿನ ವಲಯದಿಂದ ಕೆಳಗೆ ತೊಳೆದುಹೋಗುತ್ತದೆ. ಬಾರದ ವರ್ಷ ಅಲ್ಲೇ ಕುಳಿತು, ಎಲೆಯ ಅಂಚನ್ನು ಸುಡುತ್ತ ಒಳಕ್ಕೆ ಬರುತ್ತದೆ. ದ್ರಾಕ್ಷಿಯನ್ನು ಸ್ವಂತ ಬೇರಿನ ಮೇಲೆ ಬಿಡದೆ ಡಾಗ್ರಿಡ್ಜ್ ಎಂಬ ಟೆಕ್ಸಾಸ್ ಮೂಲದ ಕಾಡುದ್ರಾಕ್ಷಿಯ ಬೇರಿಗೆ ಕಸಿ ಕಟ್ಟುವ ಪದ್ಧತಿ ದಖನ್ ತುಂಬ ಹರಡಿದ್ದಕ್ಕೆ ಬರ ಮತ್ತು ಸವಳು ಎರಡೂ ಕಾರಣ. ಡಾಗ್ರಿಡ್ಜ್ ಬರ ತಡೆಯುತ್ತದೆ. ಆದರೆ ಅದರ ಬೆಳವಣಿಗೆ ಬಲು ಜೋರು. ನೀರು ಸಿಕ್ಕ ವರ್ಷ ಎಲೆ ಮಿತಿಮೀರಿ ಕಣ್ಣುಗಳಿಗೆ ನೆರಳಾಗುವ ಭಯವಿದೆ. ಇನ್ನು ಸೋಡಿಯಂ ಹೆಚ್ಚಿರುವ ನೆಲಕ್ಕೆ 110ಆರ್ ಎಂಬ ಇನ್ನೊಂದು ಬೇರನ್ನು ಸಂಶೋಧಕರು ಮುಂದಿಡುತ್ತಾರೆ.

ಬೇರು ಯಾವುದೇ ಇರಲಿ, ಡ್ರಿಪ್ಪಿನ ಕೆಳಗೆ ಬೆಳೆದ ಬಳ್ಳಿ ಹೆಚ್ಚಾಗಿ ಪೈಪಿನ ಬಳಿಯ ಮೇಲ್ಮಣ್ಣಿನಲ್ಲೇ ಬೇರು ಹರಡಿಕೊಂಡಿರುತ್ತದೆ. ಇಂಗ್ಲೆಂಡಿನ ಬಳ್ಳಿಯನ್ನು ಕಾಪಾಡಿದ ಆಳದ ತೇವ ಇದರ ಕೈಗೆ ಸಿಗದು. ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಪೀಟರ್ ಡ್ರೈ, ಬ್ರಯಾನ್ ಲವೀಸ್ ಎಂಬ ವಿಜ್ಞಾನಿಗಳು 1990ರ ದಶಕದಲ್ಲಿ ಬೇರಿನ ಇನ್ನೊಂದು ಗುಣವನ್ನು ದುಡಿಸಿಕೊಂಡರು. ಬಳ್ಳಿಯ ಒಂದು ಬದಿಯ ಬೇರಿಗೆ ಮಾತ್ರ ನೀರು ಕೊಟ್ಟು ಇನ್ನೊಂದು ಬದಿ ಒಣಗಲು ಬಿಟ್ಟರು. ಒಣಗಿದ ಬೇರು ಅಬ್ಸಿಸಿಕ್ ಆಮ್ಲದ ಮೂಲಕ ಎಲೆಗೆ ಸುದ್ದಿ ಮುಟ್ಟಿಸುತ್ತದೆ, ಎಲೆ ತನ್ನ ರಂಧ್ರಗಳನ್ನು ಅರೆಮುಚ್ಚುತ್ತದೆ. ಒದ್ದೆ ಬದಿಯ ಬೇರು ಬಳ್ಳಿಯನ್ನು ಬದುಕಿಸುತ್ತದೆ. ಒಂದೆರಡು ವಾರಕ್ಕೊಮ್ಮೆ ಬದಿ ಬದಲಿಸಿದರು. ಇಳುವರಿ ಹೆಚ್ಚು ಕುಗ್ಗದೆ ಅರ್ಧಕ್ಕೆ ಹತ್ತಿರ ನೀರು ಉಳಿಯಿತು. ಸಾಲಿಗೆ ಎರಡು ಡ್ರಿಪ್ ಪೈಪು ಎಳೆದಿರುವ ರೈತ ಇದನ್ನು ಒಂದೆರಡು ಸಾಲಿನಲ್ಲಿ ಪರೀಕ್ಷಿಸಿ ನೋಡಬಹುದು.

ಕಬ್ಬಿನ ರವದಿಯನ್ನು ಬಳ್ಳಿಯ ಬುಡಕ್ಕೆ ದಪ್ಪಗೆ ಹೊದಿಸುವುದು ಇದಕ್ಕಿಂತ ಸುಲಭ. ರವದಿಗೆ ಬೆಂಕಿ ಹಚ್ಚುವ ಹೊಲಗಳ ಪಕ್ಕದಲ್ಲೇ ಬರಿ ನೆಲದ ದ್ರಾಕ್ಷಿ ಪಡಗಳು ಬಿಸಿಲಿಗೆ ಕಾಯುತ್ತಿರುವುದು ಬೇಸರದ ನೋಟ. ಕೃಷಿ ಹೊಂಡಗಳ ಲೆಕ್ಕವನ್ನೂ ಮತ್ತೊಮ್ಮೆ ಹಾಕಬೇಕಿದೆ. ಮೂವತ್ತು ಮೀಟರ್ ಚೌಕದ ಹೊಂಡದಿಂದ ಬೇಸಿಗೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಆವಿಯಾದರೂ 6,300 ಲೀಟರ್ ಗಾಳಿಗೆ ಹೋಗುತ್ತದೆ, ಅರವತ್ತು ದಿನಕ್ಕೆ 3 ಲಕ್ಷ 78 ಸಾವಿರ. ಎಕರೆಗೆ ಹತ್ತಿರ ಹತ್ತಿರ ಮೂರು ವಾರ ಕೊಡಬಹುದಾದ ನೀರು ಅದು. ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹಾಸಲು ತೋರಿಸುವ ಕಾಳಜಿಯನ್ನು ಹೊಂಡದ ಮೇಲೆ ನೆರಳು ಬಲೆ ಕಟ್ಟಲೂ ತೋರಿಸಬೇಕು. ಅಗಲಕ್ಕಿಂತ ಆಳಕ್ಕೆ ತೋಡಿದ ಹೊಂಡ ಲೇಸು.

ಇವೆಲ್ಲ ರೈತನ ಕೈಯಲ್ಲಿರುವ ಕೆಲಸಗಳು. ಉಳಿದದ್ದು ಕಾಲುವೆಯ ಕೈಯಲ್ಲಿದೆ. ಆಲಮಟ್ಟಿ ಹಿನ್ನೀರಿನಿಂದ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ಕೆರೆಗಳಿಗೆ ನೀರು ತುಂಬಿಸುವ ಏತ ನೀರಾವರಿ ಯೋಜನೆಗಳು ಜಿಲ್ಲೆಯ ಅಂತರ್ಜಲಕ್ಕೆ ಜೀವ ತಂದಿವೆ. ಆದರೆ ನೀರು ಬಿಡುವ ವೇಳಾಪಟ್ಟಿ ಈಗಲೂ ಮುಂಗಾರಿ, ಹಿಂಗಾರಿ ಹಂಗಾಮುಗಳನ್ನು ಕಣ್ಣಲ್ಲಿಟ್ಟು ತಯಾರಾಗುತ್ತದೆ. ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಕಾಲುವೆ ನಿಲ್ಲುತ್ತದೆ, ಬಳ್ಳಿಯ ನಿರ್ಣಾಯಕ 40 ದಿನ ಆಮೇಲೆ ಶುರುವಾಗುತ್ತವೆ. ಫೆಬ್ರುವರಿ ಕೊನೆಯ ವಾರ ಅಥವಾ ಮಾರ್ಚಿನ ಮೊದಲ ವಾರದಲ್ಲಿ ಇಂಡಿ, ಚಡಚಣದ ಕೆರೆಗಳಿಗೆ ಕಡೆಯ ಸುತ್ತಿನ ನೀರು ತಲುಪಿದರೆ ಸುತ್ತಲಿನ ಬೋರ್‌ವೆಲ್‌ಗಳು ಮೇ ನಡುವಿನವರೆಗೆ ಉಸಿರು ಹಿಡಿಯುತ್ತವೆ. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಜೋಳ, ಕಡಲೆ, ಕಬ್ಬಿನ ಜೊತೆಗೆ ಏಪ್ರಿಲ್ ಚಾಟ್ನಿಯ ದಿನಾಂಕವೂ ಚರ್ಚೆಗೆ ಬರಬೇಕು. ಕೊನೆಯ ಭಾಗದ ಕೆರೆಗಳಿಗೆ ಆ ಸುತ್ತು ಮೊದಲು ಸಿಗಬೇಕು. ಇಲ್ಲಿಯ ಬೆಳೆಗಾರರ ಸಂಘಗಳು ಪಟ್ಟು ಹಿಡಿದು ಕೇಳಬೇಕಾದ ಮೊದಲ ಬೇಡಿಕೆ ಇದು. ಬರ ಪರಿಹಾರದ ಅರ್ಜಿ ಅದರ ಆಮೇಲಿನ ಮಾತು.